ಕರಡು ತಿದ್ದುವ ಅಚ್ಚುಕೂಟ

ಸಿರಿಗೇರಿ, ಸಿರುಗುಪ್ಪ, ಕುರುಗೋಡು ಕಡೆಯ ಕ್ರೈಸ್ತ ಕುಟುಂಬದ ಒಬ್ಬರ ಬಳಿ ಹಸ್ತಪ್ರತಿಯೊಂದು ಸಿದ್ಧವಾಗಿದೆ ಎಂದುಕೊಳ್ಳೋಣ. ತಮ್ಮ ಸಭೆಯ ಚರಿತ್ರೆಯೋ, ಸ್ವತಃ ಕಟ್ಟಿದ ಭಜನೆಗಳೋ, ಹತ್ತಾರು ವರ್ಷಗಳ ಪ್ರಸಂಗಗಳೋ ಅದರಲ್ಲಿರಬಹುದು. ಅದು ಪುಸ್ತಕವಾಗಲು ಈಗ ಎರಡು ದಾರಿಗಳಿವೆ. ಬಳ್ಳಾರಿಯ ಯಾವುದಾದರೂ ಪ್ರಿಂಟಿಂಗ್ ಪ್ರೆಸ್ಸಿಗೆ ಪಿಡಿಎಫ್ ಕಳಿಸಿದರೆ ಕೆಲವೇ ದಿನಗಳಲ್ಲಿ ನೂರು ಪ್ರತಿ ಕೈಗೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಇನ್ನೊಂದು, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ಒಂದು ಸಣ್ಣ ಕ್ರೈಸ್ತ ಪ್ರಕಾಶನಕ್ಕೆ ಬರೆಯುವುದು. ಅಲ್ಲಿ ಉತ್ತರ ತಡವಾಗಿ ಬರುತ್ತದೆ, ಬಂದ ಉತ್ತರದಲ್ಲಿ ಪ್ರಶ್ನೆಗಳೇ ಹೆಚ್ಚು, ಕೊನೆಗೆ ಪುಸ್ತಕ ಬಂದರೂ ಹಣವೇನೂ ಬರುವುದಿಲ್ಲ. ಹಾಗಿದ್ದೂ ಎರಡನೆಯ ದಾರಿಯೇ ಮೇಲು ಎನ್ನಲು ನನಗೆ ಕಾಣುವ ಕಾರಣ ಒಂದೇ. ಬರೆದವರಲ್ಲದ ಇನ್ನೊಬ್ಬರು ಆ ಬರಹವನ್ನು ಪೆನ್ಸಿಲು ಹಿಡಿದು ಓದುತ್ತಾರೆ. ಅಚ್ಚು ಹಾಕುವುದು ಇಂಥ ಸಂಸ್ಥೆಗಳ ಉಪಕಸುಬು. ಅವುಗಳ ಮೂಲ ಕಸುಬು ತಿದ್ದುವುದು. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಬಳ್ಳಾರಿಯೇ ಸಾಕು.

ನಿಜಾಮನಿಂದ 1800ರಲ್ಲಿ ಕಂಪನಿಗೆ ಬಂದ ಸೀಮೆ ಇದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಕೆಲವು ವರ್ಷಗಳ ಮೇಲೆ ವಿಲಿಯಂ ರೀವ್ ಜೊತೆಯಾದರು. ಆಗ ಕನ್ನಡದಲ್ಲಿ ಅಚ್ಚಿನ ಪರಂಪರೆ ಎಂಬುದೇ ಇರಲಿಲ್ಲ; ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಸೆರಾಂಪುರದಲ್ಲಿ ಅಚ್ಚಾದದ್ದೇ 1817ರಲ್ಲಿ. 1820ರ ದಶಕದಲ್ಲಿ ಬಳ್ಳಾರಿಯಲ್ಲೇ ಮಿಷನ್ ಅಚ್ಚುಕೂಟ ನೆಲೆಗೊಂಡಿತು. ಕನ್ನಡದ ಪೂರ್ಣ ಬೈಬಲ್ ಹೊರಬಂದದ್ದು 1831ರಲ್ಲಿ. ಹ್ಯಾಂಡ್ಸ್ ಬಂದ ವರ್ಷದಿಂದ ಎಣಿಸಿದರೆ ಇಪ್ಪತ್ತೊಂದು ವರ್ಷ. ಅಷ್ಟು ದುಡಿದು ತಂದ ಪುಸ್ತಕವನ್ನು ಯಾರೂ ಅಂತಿಮವೆಂದು ಪಕ್ಕಕ್ಕಿಡಲಿಲ್ಲ ಎಂಬುದು ಇಲ್ಲಿ ಮುಖ್ಯ. ಮುಂದಿನ ದಶಕಗಳಲ್ಲಿ ಲಂಡನ್ ಮಿಷನ್ನಿನವರು, ವೆಸ್ಲಿಯನ್ನರು, ಬಾಸೆಲ್ ಮಿಷನ್ನಿನವರು ಕೂಡಿ ಅದನ್ನು ಮತ್ತೆ ಬಿಚ್ಚಿ ಪರಿಷ್ಕರಿಸಿದರು. ಮತದ ಸಣ್ಣಪುಟ್ಟ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದವರು ಕನ್ನಡ ವಾಕ್ಯಕ್ಕಾಗಿ ಒಂದೇ ಮೇಜಿನ ಸುತ್ತ ಕೂತರು. ನಿಘಂಟಿನ ಕತೆಯೂ ಹೀಗೆಯೇ ಸಾಗಿತು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು, ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಅದನ್ನು ಪರಿಷ್ಕರಿಸಿದರು, 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ ನಿಘಂಟು ಬಂತು. ಕಿಟ್ಟೆಲ್ ಹೆಸರು ಎಲ್ಲರಿಗೂ ಗೊತ್ತು. ಬಳ್ಳಾರಿಯಲ್ಲಿ ಕನ್ನಡ ಕಲಿತ ರೀವ್ ಹೆಸರು ಬಳ್ಳಾರಿಯವರಿಗೇ ಗೊತ್ತಿದ್ದಂತಿಲ್ಲ.

ತಿದ್ದುವುದಕ್ಕೂ ಅಚ್ಚಿನ ಯಂತ್ರಕ್ಕೂ ಇದ್ದ ನಂಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಕಲ್ಲಚ್ಚಿನಲ್ಲಿ ಬರವಣಿಗೆ ಚೆನ್ನಾಗಿರುವವನೊಬ್ಬ ಪುಟವನ್ನು ಕೈಯಿಂದ ಬರೆಯಬೇಕು, ಆ ಬರಹವನ್ನು ಕಲ್ಲಿಗೆ ಇಳಿಸಬೇಕು. ಅಕ್ಷರ ಮುದ್ದಾಗಿ ಬರುತ್ತದೆ, ಕನ್ನಡದ ಒತ್ತಕ್ಷರಗಳಿಗೆ ತೊಂದರೆಯಿಲ್ಲ. ಆದರೆ ಒಂದು ಸಾಲು ಬಿಟ್ಟುಹೋದರೆ ಪುಟವನ್ನೇ ಮತ್ತೆ ಬರೆಯುವ ಪಾಡು. ಮೊಳೆ ಜೋಡಿಸುವ ಅಚ್ಚಿನಲ್ಲಿ ಕಷ್ಟ ಬೇರೆ ಬಗೆಯದು. ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ನೂರಾರು ಮೊಳೆಗಳು ಬೇಕು, ಕಂಪೋಸಿಟರನಿಗೆ ಅಷ್ಟೂ ಖಾನೆಗಳು ಬೆರಳಿಗೆ ಗೊತ್ತಿರಬೇಕು. ಆದರೆ ಗ್ಯಾಲಿ ಪ್ರೂಫ್ ತೆಗೆದು, ಕರಡು ನೋಡಿ, ತಪ್ಪಿದ ಮೊಳೆಯನ್ನಷ್ಟೇ ಕಿತ್ತು ಬೇರೆಯದನ್ನು ಕೂರಿಸಬಹುದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪಾಕ್ಷಿಕ. ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರ್ಕಾರದ ನಿರೂಪ, ಅನ್ಯ ರಾಜ್ಯಗಳ ವರ್ತಮಾನ, ಕತೆ, ಪುರಂದರದಾಸರ ಹಾಡು ಎಲ್ಲವೂ ಅದರಲ್ಲಿ ಬರುತ್ತಿದ್ದವು. ಮರುವರ್ಷವೇ ಅದು ಮೊಳೆಯಚ್ಚಿಗಾಗಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಇಲ್ಲಿ ಬಹುಕಾಲ ಬಾಳಲಿಲ್ಲ, ನಿಜ. ಆದರೂ ಕನ್ನಡದ ಮೊದಲ ಪತ್ರಿಕೆ ಕರಾವಳಿಯಿಂದ ಬಯಲುಸೀಮೆಗೆ ಬಂದದ್ದು ಆಗಿನ ಬಳ್ಳಾರಿ ಅಚ್ಚುಕೂಟದ ಅಳತೆಯನ್ನು ತೋರಿಸುತ್ತದೆ. ಜುಲೈ 1ರ ಪತ್ರಿಕಾ ದಿನದ ಭಾಷಣಗಳಲ್ಲಿ ಮಂಗಳೂರಿನ ಹೆಸರು ಬಂದಷ್ಟು ಬಳ್ಳಾರಿಯದು ಬರುವುದಿಲ್ಲ.

ಇಷ್ಟು ನಿಧಾನಕ್ಕೆ, ಇಷ್ಟು ತಿದ್ದುಪಡಿಗೆ ಹಣ ಎಲ್ಲಿಂದ ಬಂತು? ಓದುಗರಿಂದ ಬರುವುದು ಸಾಧ್ಯವಿರಲಿಲ್ಲ. ಮೊಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಖರ್ಚು ಹೊತ್ತವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಬೈಬಲಿಗೆ ಬೈಬಲ್ ಸೊಸೈಟಿ, ಕರಪತ್ರಗಳಿಗೆ ಟ್ರ್ಯಾಕ್ಟ್ ಸೊಸೈಟಿಗಳು ಇದ್ದವು. ಅಂದರೆ ಪುಸ್ತಕ ಮಾರಾಟವಾಗುವ ಮೊದಲೇ ಅದರ ಖರ್ಚು ತೀರಿರುತ್ತಿತ್ತು. ಮಾರುಕಟ್ಟೆಗೆ ಹೆದರಿ ಆತುರಪಡುವ ಅಗತ್ಯ ಇಲ್ಲದ್ದರಿಂದಲೇ ಕಿಟ್ಟೆಲ್ಲರ 1,700 ಪುಟ ಮೀರಿದ ನಿಘಂಟು ಸಾಧ್ಯವಾಯಿತು. ಸಾಮಾನ್ಯ ವ್ಯಾಪಾರಿ ಪ್ರಕಾಶಕನೊಬ್ಬ ಆ ಕೆಲಸಕ್ಕೆ ಕೈ ಹಾಕಿದ್ದರೆ ಮೂರನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಇದೆಲ್ಲ ಮತಾಂತರಕ್ಕಾಗಿ ನಡೆದ ಕೆಲಸ, ಕನ್ನಡ ಅದಕ್ಕೊಂದು ನೆಪ ಎಂಬ ಆಕ್ಷೇಪ ಹಳೆಯದು. ಅದನ್ನು ತಳ್ಳಿಹಾಕಬೇಕಿಲ್ಲ. ಮಿಷನರಿಗಳು ತಮ್ಮ ಉದ್ದೇಶವನ್ನು ಎಂದೂ ಮುಚ್ಚಿಟ್ಟವರಲ್ಲ. ಕರಪತ್ರಗಳಲ್ಲಿ ಅನ್ಯರ ದೇವರುಗಳನ್ನು ಹಳಿಯುವ ಮಾತುಗಳೂ ಇದ್ದವು, ಇಂದು ಓದಿದರೆ ಅವು ಕಹಿಯೆನಿಸುವುದು ಸಹಜ. ಆದರೆ ಉದ್ದೇಶ ಹೇಗೇ ಇರಲಿ, ಕೆಲಸದ ಕ್ರಮವನ್ನು ಬೇರೆಯಾಗಿ ತೂಗಬಹುದು. ಕೇಳುವವನನ್ನು ಒಲಿಸಿಕೊಳ್ಳಬೇಕಾದವನಿಗೆ ಕೇಳುವವನ ಭಾಷೆ ತಪ್ಪಿಲ್ಲದೆ ಬರಬೇಕು. ಆ ಒತ್ತಡದಿಂದಲೇ ಅವರು ಊರಿನ ಪಂಡಿತರ, ಮುನ್ಷಿಗಳ ಎದುರು ವಿದ್ಯಾರ್ಥಿಗಳಾಗಿ ಕೂತರು. ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಕತೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿನಲ್ಲೇ ಕಟ್ಟಿದರು, ಮುಂದೆ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದರು. ಒಂದಕ್ಕೆ ಬೇಕಾದ ಕಲಿಕೆ ಇನ್ನೊಂದಕ್ಕೂ ಒದಗಿತು. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಆ ಪಂಡಿತರಲ್ಲಿ ಬಹುಪಾಲು ಜನರ ಹೆಸರು ಮುಖಪುಟಕ್ಕೆ ಬರಲಿಲ್ಲ.

ಈಗಿನ ಸಣ್ಣ ಕ್ರೈಸ್ತ ಪ್ರಕಾಶನಗಳಿಗೆ ಅಂಥ ದಾನಿಗಳಿಲ್ಲ. ಹೆಚ್ಚಿನವು ಯಾವುದೋ ಸಭೆಗೋ ಧರ್ಮಪ್ರಾಂತಕ್ಕೋ ದೇವಜ್ಞಾನ ಕಾಲೇಜಿಗೋ ಅಂಟಿಕೊಂಡಿರುತ್ತವೆ, ಸಂಬಳದ ಸಂಪಾದಕರಿರುವುದು ಅಪರೂಪ. ಆದರೂ ತಿದ್ದುವ ವ್ಯವಸ್ಥೆ ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ಕ್ಯಾಥೋಲಿಕರಲ್ಲಿ ಅದಕ್ಕೆ ಕಾನೂನೇ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಬೈಬಲ್ ಅನುವಾದ ಪೋಪರ ಪೀಠದ ಅಥವಾ ಬಿಷಪ್ಪರ ಮಂಡಳಿಯ ಒಪ್ಪಿಗೆಯಿಲ್ಲದೆ, ಧರ್ಮೋಪದೇಶದ ಪುಸ್ತಕ, ಪ್ರಾರ್ಥನಾ ಪುಸ್ತಕಗಳು ಬಿಷಪ್ಪರ ಒಪ್ಪಿಗೆಯಿಲ್ಲದೆ ಅಚ್ಚಾಗುವಂತಿಲ್ಲ. ಬಿಷಪ್ಪರು ನೇಮಿಸಿದ ಪರಿಶೀಲಕರು ಬರಹದಲ್ಲಿ ಅಭಿಪ್ರಾಯ ಕೊಡಬೇಕು. ಕತೆ, ಕವಿತೆ, ಊರ ಚರಿತ್ರೆಗೆ ಈ ಕಟ್ಟುಪಾಡಿಲ್ಲ. 1947ರಲ್ಲಿ ಒಂದಾದ ದಕ್ಷಿಣ ಭಾರತ ಸಭೆಯಂಥ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಂಥ ಕಡ್ಡಾಯ ಒಪ್ಪಿಗೆಯ ಪದ್ಧತಿಯಿಲ್ಲ. ಸಾಹಿತ್ಯ ಸಮಿತಿಯೋ ಒಬ್ಬ ಹಿರಿಯ ಪಾದ್ರಿಯೋ ಓದಿ ಹೇಳುತ್ತಾರೆ. ಹಸ್ತಪ್ರತಿಯಲ್ಲಿ ಬೈಬಲಿನ ವಚನಗಳು ಪುಟಗಟ್ಟಲೆ ಬರುತ್ತಿದ್ದರೆ ಯಾವ ಆವೃತ್ತಿಯಿಂದ ತೆಗೆದದ್ದು, ಅದರ ಹಕ್ಕು ಯಾರದು ಎಂಬುದನ್ನು ನೋಡಲೇಬೇಕು. ಕನ್ನಡ ಬೈಬಲ್ ‘ಸತ್ಯವೇದವು’ ಮನೆಮನೆಯಲ್ಲಿದೆ ಎಂದ ಮಾತ್ರಕ್ಕೆ ಅದರ ಹಕ್ಕು ಎಲ್ಲರದಾಗುವುದಿಲ್ಲ. ಲೇಖಕರ ಹಕ್ಕಿನ ವಿಷಯದಲ್ಲೂ ಕನ್ನಡದಲ್ಲಿ ಬಾಯಿಮಾತಿನ ವ್ಯವಹಾರವೇ ಜಾಸ್ತಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ದೇವರ ಕೆಲಸಕ್ಕೆ ಕಾಗದವೇಕೆ ಎಂದು ಸಂಕೋಚಪಡುವವರು ಎರಡನೆಯ ಮುದ್ರಣದ ಹೊತ್ತಿಗೆ ಜಗಳಕ್ಕೆ ನಿಲ್ಲುವುದೂ ಉಂಟು.

ತಿದ್ದುವವರ ಕೈಗೆ ಸಿಕ್ಕ ಬರಹ ಜೀವ ಕಳೆದುಕೊಳ್ಳುತ್ತದೆ ಎಂಬ ಮಾತಿಗೆ ನನ್ನಲ್ಲಿ ಅರ್ಧ ಸಮ್ಮತಿಯಿದೆ. ಸಮಿತಿಯ ಕನ್ನಡಕ್ಕೆ ಒಂದು ಬಿಗುವು ಬರುತ್ತದೆ. ಪಾದ್ರಿ ಕನ್ನಡ ಎಂಬ ಗೇಲಿ ಸುಮ್ಮನೆ ಹುಟ್ಟಿದ್ದಲ್ಲ. ಬಳ್ಳಾರಿ ಸೀಮೆಯವರಿಗೆ ಈ ಅಪಾಯ ಹೆಚ್ಚು. ತುಂಗಭದ್ರೆಯ ಕಾಲುವೆಯ ಭತ್ತದ ಬಯಲಿನಲ್ಲಿ ಕನ್ನಡ ತೆಲುಗಿನ ಜೊತೆ, ಉರ್ದುವಿನ ಜೊತೆ ಬೆರೆತು ಬದುಕುತ್ತದೆ. ಸಿರಿಗೇರಿಯ ಸಭೆಯೊಂದರ ಹಿರಿಯರು ಸಾಕ್ಷಿ ಹೇಳುವ ಧಾಟಿಗೂ ಮಂಗಳೂರಿನ ಪುಸ್ತಕಗಳ ಧಾಟಿಗೂ ಬಹಳ ಅಂತರವಿದೆ. ಸಂಪಾದಕರು ಅದನ್ನೆಲ್ಲ ಒಂದೇ ಮಟ್ಟಕ್ಕೆ ತಂದರೆ ಪುಸ್ತಕ ಶುದ್ಧವಾಗುತ್ತದೆ, ಆದರೆ ಯಾವ ಊರಿನದೂ ಅಲ್ಲದ್ದಾಗುತ್ತದೆ. ಹಾಗೆಂದು ಪೆನ್ಸಿಲ್ಲನ್ನೇ ದೂರವಿಡಬೇಕೆಂಬುದು ಮಾತ್ರ ಒಪ್ಪುವಂಥದ್ದಲ್ಲ. ಇಸವಿ ತಪ್ಪಿದ್ದು, ಒಂದೇ ಪ್ರಸಂಗ ಮೂರು ಸಲ ಬಂದದ್ದು, ಹಾಡಿನ ಮಾತ್ರೆ ಕೆಟ್ಟದ್ದು, ಬದುಕಿರುವವರೊಬ್ಬರ ಮೇಲೆ ಆಧಾರವಿಲ್ಲದೆ ದೂರು ಬರೆದದ್ದು ಇವೆಲ್ಲ ಆಡುಮಾತಿನ ಸೊಗಸುಗಳಲ್ಲ. ಇವನ್ನು ತಿದ್ದಿ ಧಾಟಿಯನ್ನು ಹಾಗೇ ಬಿಡುವಂತೆ ಲೇಖಕರು ಪಟ್ಟುಹಿಡಿದು ಕೇಳಬಹುದು. ಸಣ್ಣ ಪ್ರಕಾಶನದಲ್ಲಿ ಹಾಗೆ ಕೇಳಲು ಒಬ್ಬ ಮನುಷ್ಯನಾದರೂ ಫೋನಿಗೆ ಸಿಗುತ್ತಾನೆ.

ಲೇಖಕರೇ ಹಣ ಕೊಡುವ ಪದ್ಧತಿ ಬಂದ ಮೇಲೆ ಈ ಪ್ರಕಾಶನಗಳೂ ಬರೀ ಪ್ರಿಂಟಿಂಗ್ ಅಂಗಡಿಗಳೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹಣ ಕೊಟ್ಟದ್ದರಿಂದಲೇ ಪುಸ್ತಕ ಕೀಳಾಗುವುದಿಲ್ಲ. ಕಾಸಾಮೇಜರ್ ಕೊಟ್ಟದ್ದೂ ಹಣವೇ. ಆದರೆ ಅವರು ಕೊಟ್ಟದ್ದು ಬೇರೆಯವರ ಬರಹಕ್ಕೆ, ಆಯ್ಕೆ ಮಾಡಿದವರು ಮೊಗ್ಲಿಂಗ್. ಹಣ ಕೊಡುವವನೂ ಬರೆದವನೂ ಒಬ್ಬನೇ ಆದಾಗ ‘ಇದು ಇನ್ನೂ ಸಿದ್ಧವಾಗಿಲ್ಲ’ ಎಂದು ಹೇಳುವ ಧೈರ್ಯ ಪ್ರಕಾಶಕನಿಗೆ ಕುಗ್ಗುತ್ತದೆ. ಆದ್ದರಿಂದ ಪ್ರಕಾಶನವನ್ನು ಆರಿಸುವ ಮುನ್ನ ಕಾಗದದ ಗುಣಮಟ್ಟವನ್ನೋ ಮುಖಪುಟದ ಬಣ್ಣವನ್ನೋ ವಿಚಾರಿಸಿದರೆ ಏನೂ ತಿಳಿಯುವುದಿಲ್ಲ. ನನ್ನ ಹಸ್ತಪ್ರತಿಯನ್ನು ಯಾರು ಓದುತ್ತಾರೆ, ಓದಿದವರ ಟಿಪ್ಪಣಿ ನನಗೆ ಸಿಗುತ್ತದೆಯೇ, ಕರಡು ಎಷ್ಟು ಸಲ ಬರುತ್ತದೆ, ದುಡ್ಡು ಕೊಡಲು ಸಿದ್ಧರಿದ್ದವರ ಹಸ್ತಪ್ರತಿಯನ್ನು ಎಂದಾದರೂ ಮರಳಿಸಿದ್ದೀರಾ ಎಂದು ಕೇಳಬೇಕು. ಉಳಿದದ್ದು ಸರಳ. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಏಕೆಂದು ಕೇಳಬಹುದು. ಮೊದಲ ಪುಸ್ತಕದ ಯುವ ಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಪ್ರತಿಗಳು ಮಾರಾಟವಾಗುವುದು ಪುಸ್ತಕದಂಗಡಿಗಿಂತ ಭಾನುವಾರದ ಆರಾಧನೆ ಮುಗಿದ ಮೇಲಿನ ಮೇಜಿನ ಮೇಲೆ, ಕನ್ವೆನ್ಷನ್ನುಗಳಲ್ಲಿ. ಹಾಗಾಗಿ ಐನೂರು ಪ್ರತಿಗಿಂತ ಇನ್ನೂರರಿಂದ ಆರಂಭಿಸುವುದು ಜಾಣತನ. 1954ರ ಕಾಯಿದೆಯಂತೆ ಪ್ರಕಟವಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನಿಮಾರಾ ಗ್ರಂಥಾಲಯವೂ ಸೇರಿದಂತೆ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಸಣ್ಣ ಪ್ರಕಾಶಕರು ಹೆಚ್ಚಾಗಿ ಮರೆಯುವುದು ಇದನ್ನೇ, ಲೇಖಕರು ನೆನಪಿಸಿದರೆ ತಪ್ಪೇನಿಲ್ಲ.