ಇದ್ದ ಕೆಲಸ ಬಿಡುವುದು ಜಾಣತನವೇ?

ಪೀಣ್ಯದ ಅಡ್ಡರಸ್ತೆಗಳಲ್ಲಿ ನಡೆದು ಹೋಗುವವರಿಗೆ ಕಾರ್ಖಾನೆಗಳ ಗೇಟಿನ ಬಳಿ ಒಂದು ಫಲಕ ಮತ್ತೆ ಮತ್ತೆ ಕಾಣಸಿಗುತ್ತದೆ. ‘ಟೈಲರುಗಳು ಬೇಕಾಗಿದ್ದಾರೆ’, ‘ಟರ್ನರ್, ಫಿಟ್ಟರ್, ಹೆಲ್ಪರ್ ಬೇಕಾಗಿದ್ದಾರೆ’ ಎಂಬ ಬರಹ. ಕೆಲವೆಡೆ ಇದನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ ತೂಗುಹಾಕಿರುತ್ತಾರೆ. ಬೇಕಾದವರು ಸಿಕ್ಕ ಮೇಲೆ ಫಲಕ ಇಳಿಸಬೇಕಲ್ಲವೇ? ಇಳಿಸುವುದಿಲ್ಲ. ಏಕೆಂದರೆ ಮುಂದಿನ ಬಾಗಿಲಿನಿಂದ ಹತ್ತು ಜನ ಸೇರುತ್ತಿದ್ದರೆ ಹಿಂದಿನ ಬಾಗಿಲಿನಿಂದ ಎಂಟು ಜನ ಬಿಟ್ಟು ಹೋಗುತ್ತಿರುತ್ತಾರೆ.

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಮುಂದೆ ಇಂಥ ಫಲಕ ಇರುವುದಿಲ್ಲ. ಅಲ್ಲಿ ಬಿಟ್ಟು ಹೋದವರ ಲೆಕ್ಕ ಕಂಪೆನಿಗಳ ತ್ರೈಮಾಸಿಕ ವರದಿಯಲ್ಲಿ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಧಾನ ಕಚೇರಿ ಇರುವ ಇನ್ಫೋಸಿಸ್ 2022ರ ಜೂನ್ ಅಂತ್ಯಕ್ಕೆ ಪ್ರಕಟಿಸಿದ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಕೆಲಸ ಬಿಟ್ಟವರ ಪ್ರಮಾಣ ಶೇ 28.4. ಅಂದರೆ ನೂರಕ್ಕೆ ಇಪ್ಪತ್ತೆಂಟು ಜನ! ಅದೇ ಕಂಪೆನಿಯಲ್ಲಿ 2024ರ ಮಾರ್ಚ್ ಹೊತ್ತಿಗೆ ಈ ಪ್ರಮಾಣ ಶೇ 12.6ಕ್ಕೆ ಇಳಿದಿತ್ತು.

ಎರಡು ವರ್ಷಗಳಲ್ಲಿ ಏನಾಯಿತು? ಮೇಲಧಿಕಾರಿಗಳೆಲ್ಲ ಒಮ್ಮೆಗೇ ಸಜ್ಜನರಾದರೇ? ಕ್ಯಾಂಟೀನಿನ ಊಟ ರುಚಿಯಾಯಿತೇ? ಇಲ್ಲ. ಕೊರೊನಾ ನಂತರ ಜಗತ್ತೆಲ್ಲ ಗಣಕಯಂತ್ರದ ಕೆಲಸಕ್ಕೆ ಮುಗಿಬಿದ್ದಾಗ ಹೊರಗಿನ ಬಾಗಿಲುಗಳು ತೆರೆದಿದ್ದವು. ಬೇಡಿಕೆ ತಗ್ಗಿದಾಗ ಮುಚ್ಚಿಕೊಂಡವು. ಒಳಗಿನ ಅತೃಪ್ತಿ ಬಹುಶಃ ಎರಡೂ ಕಾಲದಲ್ಲಿ ಅಷ್ಟೇ ಇತ್ತು. ಆದ್ದರಿಂದ ‘ಜನ ಕೆಲಸ ಏಕೆ ಬಿಡುತ್ತಾರೆ?’ ಎಂಬ ಪ್ರಶ್ನೆಯ ಜೊತೆಗೆ ‘ಬಿಡಬೇಕೆಂದಿರುವವರು ಏಕೆ ಬಿಡುವುದಿಲ್ಲ?’ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಸಂಬಳ ಒಂದೇ ಕಾರಣವಲ್ಲ

‘ಪಕ್ಕದ ಕಂಪೆನಿಯವರು ಹೆಚ್ಚು ಕೊಟ್ಟರು, ಹೋದರು’ ಎಂಬುದು ಮಾಲೀಕರ ಸಾಮಾನ್ಯ ವಿವರಣೆ. ಇದು ಅರ್ಧ ಸತ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಎಂಜಿನಿಯರು ಮತ್ತು ಲೆಕ್ಕಪತ್ರದವರನ್ನು ಮಾತನಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡುಕೊಂಡ ವಿಷಯ ಇದು: ಕೆಲಸದಲ್ಲಿ ಬೇಸರ ತರುವ ಸಂಗತಿಗಳೇ ಬೇರೆ, ಸಂತೋಷ ತರುವ ಸಂಗತಿಗಳೇ ಬೇರೆ. ಸಂಬಳ, ಮೇಲ್ವಿಚಾರಕರ ನಡವಳಿಕೆ, ಕಚೇರಿಯ ಕಟ್ಟುಪಾಡು, ಕೆಲಸದ ಪರಿಸರ ಇವು ಸರಿಯಿಲ್ಲದಿದ್ದರೆ ಮನುಷ್ಯ ಸಿಡಿಮಿಡಿಗೊಳ್ಳುತ್ತಾನೆ. ಇವು ಸರಿಯಾದ ಮಾತ್ರಕ್ಕೆ ಅವನಿಗೆ ಹುರುಪು ಬರುವುದಿಲ್ಲ. ಹುರುಪು ಬರುವುದು ಏನನ್ನೋ ಸಾಧಿಸಿದಾಗ, ಅದನ್ನು ಇನ್ನೊಬ್ಬರು ಗುರುತಿಸಿದಾಗ, ಜವಾಬ್ದಾರಿ ಸಿಕ್ಕಾಗ.

ಈ ವಿಂಗಡಣೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ನಮ್ಮ ಊರಿನ ಅನುಭವಕ್ಕೆ ಅದು ಬಹುಮಟ್ಟಿಗೆ ಹೊಂದುತ್ತದೆ. ಪಿಯುಸಿಯಲ್ಲಿ ನನ್ನ ಬಳಿ ಭೌತಶಾಸ್ತ್ರ ಓದಿದ ಹುಡುಗ ಹುಡುಗಿಯರು ಇಂದು ಈ ಮೂರೂ ಕಡೆ ಇದ್ದಾರೆ. ಕೆಲಸ ಬಿಟ್ಟವರನ್ನು ಕೇಳಿದರೆ ಮೊದಲು ಸಂಬಳದ ಮಾತು ಬರುತ್ತದೆ. ಸ್ವಲ್ಪ ಹೊತ್ತು ಕೂರಿಸಿಕೊಂಡು ಮಾತನಾಡಿಸಿದರೆ ಬೇರೆಯದೇ ಹೊರಬೀಳುತ್ತದೆ. ‘ಮೂರು ವರ್ಷ ಒಂದೇ ಕೆಲಸ ಸಾರ್, ಹೊಸದೇನೂ ಕಲಿಯಲಿಲ್ಲ’ ಎನ್ನುವವರು ಕೆಲವರು. ಎಲ್ಲರೆದುರು ಬೈಯುವ ಸೂಪರ್‌ವೈಸರ್, ರಜೆ ಕೇಳಿದರೆ ಮುಖ ಗಂಟಿಕ್ಕುವ ಮ್ಯಾನೇಜರ್ ಬಗ್ಗೆ ಹೇಳುವವರು ಬಹಳ ಮಂದಿ.

ಬೆಂಗಳೂರಿನ ಹೊರವಲಯಕ್ಕೇ ವಿಶಿಷ್ಟವಾದ ಇನ್ನೊಂದು ಕಾರಣ ಪ್ರಯಾಣ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಕ್ಕೆರಡು ಬಾರಿ ಸಿಕ್ಕಿಕೊಂಡವರಿಗೆ ಎಂಟು ಗಂಟೆಯ ಕೆಲಸ ಹನ್ನೊಂದು ಗಂಟೆಯದಾಗುತ್ತದೆ. ಪೀಣ್ಯಕ್ಕೆ ಮೆಟ್ರೊ 2014ರಲ್ಲೇ ಬಂತು. ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಹಾಯುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂತು. ಇದರಿಂದ ಎಷ್ಟೋ ಜನರಿಗೆ ಉಸಿರು ಬಂದಿರುವುದು ನಿಜ.

ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆ ಮತ್ತು ಮಗು ದೊಡ್ಡ ಕಾರಣಗಳು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರ ಕಡ್ಡಾಯ ಎಂದಿತು. ಆದರೆ ರಜೆ ಮುಗಿದ ಮೇಲೆ ಮಗುವನ್ನು ಬಿಡಲು ನಂಬಿಕೆಯ ಜಾಗವಿಲ್ಲದಿದ್ದರೆ ತಾಯಿ ಕೆಲಸ ಬಿಡದೆ ಇನ್ನೇನು ಮಾಡಿಯಾಳು?

ಆವಿಯಾಗುವ ನೀರಿನ ಪಾಠ

ಮಡಕೆಯ ನೀರು ಏಕೆ ತಣ್ಣಗಿರುತ್ತದೆ ಎಂಬುದನ್ನು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಹೆಚ್ಚು ಶಕ್ತಿಯಿರುವ ಅಣುಗಳು ಮೇಲ್ಮೈಯಿಂದ ಮೊದಲು ತಪ್ಪಿಸಿಕೊಂಡು ಆವಿಯಾಗುತ್ತವೆ. ಉಳಿದವುಗಳ ಸರಾಸರಿ ಶಕ್ತಿ ಕಡಿಮೆಯಾಗುವುದರಿಂದ ನೀರು ತಂಪಾಗುತ್ತದೆ.

ಕೆಟ್ಟ ಆಡಳಿತವಿರುವ ಸಂಸ್ಥೆಯಲ್ಲಿ ನಡೆಯುವುದೂ ಇದೇ. ಮೊದಲು ಹೊರಡುವವರು ಹೊರಗೆ ಸುಲಭವಾಗಿ ಕೆಲಸ ಸಿಗುವ ಸಮರ್ಥರು. ಅವರ ಪಾಲಿನ ಕೆಲಸ ಉಳಿದವರ ತಲೆಯ ಮೇಲೆ ಬೀಳುತ್ತದೆ. ಅವರಲ್ಲಿ ಕೊಂಚ ಚುರುಕಾದವರು ಮರುತಿಂಗಳು ಹೊರಡುತ್ತಾರೆ. ಕೊನೆಗೆ ಉಳಿಯುವುದು ತಣ್ಣಗಾದ ಸಂಸ್ಥೆ. ಆದರೆ ಮನುಷ್ಯ ಅಣುವಲ್ಲ. ಸಾಲದ ಕಂತು, ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿಯ ಔಷಧಿ ಅವನನ್ನು ಹಿಡಿದಿಟ್ಟಿರುತ್ತವೆ. ಉಳಿದವರೆಲ್ಲ ಅಸಮರ್ಥರೆಂದು ತಿಳಿಯುವುದು ತಪ್ಪು.

ಹಣಕ್ಕಾಗಿ ರಾಜೀನಾಮೆ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಆಯ್ಕೆ ಇರುವವರ ಕಥೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳ ರಾಜೀನಾಮೆಯ ಹಿಂದೆ ಬೇರೊಂದು ಲೆಕ್ಕಾಚಾರವಿದೆ. ನಾಡಿನ ಗಮನ ಅದರತ್ತ ಹರಿದದ್ದು 2016ರ ಏಪ್ರಿಲ್ 18 ಮತ್ತು 19ರಂದು.

ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಸುದ್ದಿ ಹೊಲಿಗೆ ಯಂತ್ರಗಳ ಸಾಲಿಗೆ ಮುಟ್ಟಿತು. ಸಾವಿರಾರು ಹೆಂಗಸರು ಯಾವ ದೊಡ್ಡ ನಾಯಕರ ಕರೆಗೂ ಕಾಯದೆ ಬೀದಿಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಮರುದಿನ ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿಪ್ರಹಾರವಾಯಿತು. 19ರಂದೇ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಹೊಸ ನಿಯಮವನ್ನು ಹಿಂತೆಗೆದುಕೊಂಡಿರುವುದಾಗಿ ಘೋಷಿಸಿದರು.

ಇಷ್ಟು ಸಿಟ್ಟೇಕೆ? ಆ ಹೆಂಗಸರಿಗೆ ಪಿಎಫ್ ಎಂಬುದು ಮುಪ್ಪಿನ ಕಾಲದ ಹಣವಾಗಿರಲಿಲ್ಲ. ಮಗಳ ಶಾಲೆಯ ಫೀಸು, ತಂಗಿಯ ಮದುವೆ, ಬಾಡಿಗೆ ಮನೆಯ ಅಡ್ವಾನ್ಸು, ಕೈಸಾಲದ ಬಡ್ಡಿ ಇವಕ್ಕೆಲ್ಲ ಅದೊಂದೇ ಗಂಟು. ಕೆಲಸದಲ್ಲಿರುವಾಗ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ಹಾಗಾಗಿ ಕೆಲಸಕ್ಕೇ ರಾಜೀನಾಮೆ ಕೊಡುವುದು, ಹಣ ಕೈಗೆ ಬಂದ ಮೇಲೆ ಪಕ್ಕದ ಕಾರ್ಖಾನೆಗೆ ಹೊಸಬಳಾಗಿ ಸೇರುವುದು ಒಂದು ರೂಢಿಯೇ ಆಗಿತ್ತು. ಗೇಟಿನ ಫಲಕ ಇಳಿಯದಿರಲು ಇದೂ ಒಂದು ಕಾರಣ.

ಇದರಲ್ಲಿ ಅವರಿಗೆ ಆಗುವ ನಷ್ಟವನ್ನು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಒಬ್ಬಾಕೆಯ ಮೂಲವೇತನ ಮತ್ತು ಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಾಚುಟಿಯ ಲೆಕ್ಕದಲ್ಲಿ ತಿಂಗಳಿಗೆ 26 ದಿನ. ದಿನಕ್ಕೆ 500 ರೂಪಾಯಿಯಂತೆ ವರ್ಷಕ್ಕೆ 15 ದಿನದ ಮೊತ್ತ 7,500. ಐದು ವರ್ಷಕ್ಕೆ 37,500 ರೂಪಾಯಿ. ನಾಲ್ಕು ವರ್ಷಕ್ಕೇ ಬಿಟ್ಟರೆ ಸೊನ್ನೆ! ಇಂಥ ನಾಲ್ಕು ನಾಲ್ಕು ವರ್ಷದ ಐದು ನೌಕರಿ ಮಾಡಿದಾಕೆ ಇಪ್ಪತ್ತು ವರ್ಷ ದುಡಿದೂ ಗ್ರಾಚುಟಿಯ ಮುಖ ನೋಡಿರುವುದಿಲ್ಲ.

ಪಿಎಫ್ ಲೆಕ್ಕವೂ ಹಾಗೆಯೇ. ಆಕೆಯ ಶೇ 12 ಮತ್ತು ಪಿಂಚಣಿಗೆ ಹೋಗಿ ಉಳಿದ ಮಾಲೀಕರ ಶೇ 3.67 ಸೇರಿದರೆ ತಿಂಗಳಿಗೆ ಸುಮಾರು 2,037 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟಿದ್ದು ಐದು ಲಕ್ಷಕ್ಕೂ ಕಡಿಮೆ. ಮುಟ್ಟದೆ ಬಿಟ್ಟು ಶೇ 8 ಚಕ್ರಬಡ್ಡಿ ಸಿಕ್ಕರೆ ಅದು 11 ಲಕ್ಷ ದಾಟುತ್ತದೆ. ಪಿಂಚಣಿಯ ಹಕ್ಕು ಬರಲು ಹತ್ತು ವರ್ಷದ ಸೇವೆ ಬೇಕು. ಪಿಂಚಣಿಯ ಹಣವನ್ನೂ ತೆಗೆದುಕೊಂಡರೆ ಆ ಎಣಿಕೆ ಮತ್ತೆ ಮೊದಲಿನಿಂದ ಶುರು.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಕನಿಷ್ಠ ಶೇ 25ನ್ನು ಖಾತೆಯಲ್ಲಿ ಉಳಿಸಿ, ಮಿಕ್ಕದ್ದನ್ನು ಹನ್ನೆರಡು ತಿಂಗಳ ಸೇವೆಯ ನಂತರ ಕೆಲಸದಲ್ಲಿರುವಾಗಲೇ ಪಡೆಯಲು ಅವಕಾಶ ಕೊಡುವ ತೀರ್ಮಾನವನ್ನು ಭವಿಷ್ಯನಿಧಿ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕಾಯಂ ನೌಕರರಿಗೆ ಐದು ವರ್ಷದ ನಿಯಮ ಉಳಿದಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೂ ಗ್ರಾಚುಟಿ ಸಲ್ಲುತ್ತದೆ. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದೂ ಅವು ಹೇಳುತ್ತವೆ. ಬರೇ ಹಣದ ಗಂಟಿಗಾಗಿ ಕೆಲಸ ಬಿಡುವ ಮುನ್ನ ಈ ವಿಷಯಗಳನ್ನು ಪಿಎಫ್ ಕಚೇರಿಯಲ್ಲೋ ಕಾರ್ಮಿಕ ಸಂಘದಲ್ಲೋ ವಿಚಾರಿಸುವುದು ಅಗತ್ಯ.

ಬಿಟ್ಟು ಗೆದ್ದವರು, ಇದ್ದು ಸೋತವರು

ಹಾಗಾದರೆ ಕೆಲಸಕ್ಕೆ ಅಂಟಿಕೊಂಡಿರುವುದೇ ಜಾಣತನವೇ? ಅದೂ ಅಲ್ಲ. ಇಂದು ಜನ ಬಿಟ್ಟು ಹೋಗುತ್ತಾರೆಂದು ಚಿಂತಿಸುವ ಇನ್ಫೋಸಿಸ್ ಹುಟ್ಟಿದ್ದೇ ಕೆಲಸ ಬಿಟ್ಟವರಿಂದ. ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿದ್ದ ಎನ್.ಆರ್. ನಾರಾಯಣಮೂರ್ತಿ ಮತ್ತು ಸಂಗಡಿಗರು 1981ರಲ್ಲಿ ಪುಣೆಯಲ್ಲಿ ಅದನ್ನು ಕಟ್ಟಿದರು. ಸಂಸ್ಥಾಪಕರು ಏಳು ಮಂದಿ. 1983ರಲ್ಲಿ ಕಂಪೆನಿ ಬೆಂಗಳೂರಿಗೆ ಬಂತು.

ಈ ಕಥೆಯನ್ನು ಹೇಳುವವರು ಮೂರು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಮೂರ್ತಿಯವರು ಅದಕ್ಕೂ ಮುಂಚೆ ನಡೆಸಿದ ಸಾಫ್ಟ್ರಾನಿಕ್ಸ್ ಎಂಬ ಕಂಪೆನಿ ಯಶಸ್ವಿಯಾಗಿರಲಿಲ್ಲ. ಎರಡನೆಯದು, ಬಂಡವಾಳಕ್ಕೆ 10,000 ರೂಪಾಯಿ ಕೊಟ್ಟ ಪತ್ನಿ ಸುಧಾಮೂರ್ತಿಯವರು ಆಗ ಸ್ವತಃ ಉದ್ಯೋಗದಲ್ಲಿದ್ದರು. ಮನೆಯಲ್ಲಿ ಇನ್ನೊಂದು ಸಂಬಳವಿತ್ತು. ಮೂರನೆಯದು, ಒಪ್ಪಿಕೊಂಡ ಕೆಲಸ ಮುಗಿಸಿಕೊಡಲು ಮೂರ್ತಿಯವರಿಗೆ ಸುಮಾರು ಒಂದು ವರ್ಷ ಹಿಡಿಯಿತು. ಹಾಗಾಗಿ ತಾವೇ ಕಟ್ಟಿದ ಕಂಪೆನಿಗೆ ಅವರು ನಾಲ್ಕನೆಯ ನೌಕರರಾಗಿ ಸೇರಿದರು. ಏಳು ಜನರಲ್ಲಿ ಒಬ್ಬರಾದ ಅಶೋಕ್ ಅರೋರಾ 1989ರಲ್ಲಿ ಹೊರನಡೆದರು. ಬಿಟ್ಟು ಬಂದವರಲ್ಲೂ ಬಿಟ್ಟು ಹೋದವರಿದ್ದಾರೆ.

ಇನ್ನೊಂದು ಕಡೆ ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯ ಎಚ್‌ಎಂಟಿಯನ್ನು ನೋಡಿ. 1953ರಲ್ಲಿ ಸ್ಥಾಪನೆಯಾದ ಈ ಸರಕಾರಿ ಉದ್ದಿಮೆಯಲ್ಲಿ ಕೆಲಸ ಸಿಕ್ಕಿತೆಂದರೆ ಜೀವಮಾನದ ಚಿಂತೆ ಕಳೆಯಿತೆಂದು ಜನ ನಂಬಿದ್ದರು. ಹೆಣ್ಣು ಕೊಡುವವರು ಮರುಮಾತಾಡುತ್ತಿರಲಿಲ್ಲ. ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿಯಲ್ಲಿ ಹಿಂದೆ ಬಿದ್ದು ನಷ್ಟಕ್ಕೆ ಸಿಕ್ಕಿದ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೊನೆಯವರೆಗೂ ಇದ್ದವರು ಸ್ವಯಂನಿವೃತ್ತಿಯ ಹಣ ಪಡೆದು ಹೊರಬಂದರು. ನೌಕರಿಯ ಭದ್ರತೆ ಕಂಪೆನಿಯ ಹೆಸರಿನಲ್ಲಿರುವುದಕ್ಕಿಂತ ಕೈಯಲ್ಲಿರುವ ಕಸುಬಿನಲ್ಲಿ ಹೆಚ್ಚಾಗಿರುತ್ತದೆ.

ಬಿಡುವ ಮುನ್ನ

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಸಂಸ್ಥೆಯಲ್ಲಿ ಅತೃಪ್ತಿಯಾದವರಿಗೆ ಎರಡು ದಾರಿಗಳಿವೆ ಎಂದರು: ಹೊರನಡೆಯುವುದು ಇಲ್ಲವೇ ದನಿ ಎತ್ತುವುದು. ನಮ್ಮಲ್ಲಿ ಬಹುಮಂದಿ ದನಿ ಎತ್ತದೆಯೇ ಹೊರನಡೆಯುತ್ತಾರೆ. ವಿಭಾಗ ಬದಲಿಸಿಕೊಡಿ, ಶಿಫ್ಟು ಬದಲಿಸಿಕೊಡಿ ಎಂದು ಒಂದು ಬಾರಿ ಬರವಣಿಗೆಯಲ್ಲಿ ಕೇಳಿ ನೋಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಆಗದಿದ್ದರೆ ಹೊರಡುವ ದಾರಿ ಇದ್ದೇ ಇದೆ.

ಹೊರಡುವವರು ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ನಾನು ಬಿಡುತ್ತಿರುವುದು ಕೆಲಸವನ್ನೋ, ಒಬ್ಬ ವ್ಯಕ್ತಿಯನ್ನೋ? ವ್ಯಕ್ತಿಯಾದರೆ ಆತನೇ ಆರು ತಿಂಗಳಲ್ಲಿ ಬೇರೆಡೆಗೆ ಹೋಗಬಹುದು. ಹೊಸ ಕಡೆ ಸಿಗುವ ಹೆಚ್ಚಿನ ಸಂಬಳದಲ್ಲಿ ಬಾಡಿಗೆ, ಪ್ರಯಾಣ ಕಳೆದು ಉಳಿಯುವುದೆಷ್ಟು? ನೇಮಕಪತ್ರ ಕೈಗೆ ಬಂದಿದೆಯೇ, ಬಾಯಿಮಾತೇ? ಆರು ತಿಂಗಳ ಮನೆ ಖರ್ಚು ಉಳಿತಾಯದಲ್ಲಿದೆಯೇ? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹೆಚ್ಚು ಸಂಬಳದವರಿಗೂ ಅನ್ವಯಿಸುತ್ತದೆ. ಐದು ವರ್ಷ ತುಂಬಲು ಕೆಲವೇ ತಿಂಗಳಿದ್ದರೆ ಹಲ್ಲು ಕಚ್ಚಿ ಮುಗಿಸುವುದು ಲೇಸು. ನೋಟಿಸ್ ಅವಧಿ ಪೂರೈಸಿ, ರಿಲೀವಿಂಗ್ ಪತ್ರ ಪಡೆದು, ಹಳೆಯ ಪಿಎಫ್ ಖಾತೆಯನ್ನು ಹೊಸದಕ್ಕೆ ಸೇರಿಸುವುದನ್ನು ಮರೆಯಬಾರದು.

ಆದರೆ ಲೆಕ್ಕಾಚಾರಕ್ಕೆ ನಿಲ್ಲದ ಸಂದರ್ಭಗಳಿವೆ. ಆರೋಗ್ಯ ಕೆಡುತ್ತಿದ್ದರೆ, ಯಂತ್ರದ ಮುಂದೆ ಕೈಬೆರಳಿಗೆ ರಕ್ಷಣೆಯಿಲ್ಲದಿದ್ದರೆ, ಹೆಣ್ಣುಮಗಳಿಗೆ ಮರ್ಯಾದೆಯಿಂದ ನಿಲ್ಲಲಾಗದಿದ್ದರೆ, ಸುಳ್ಳು ಕಾಗದಕ್ಕೆ ಸಹಿ ಹಾಕೆಂದು ಒತ್ತಾಯಿಸಿದರೆ ಗ್ರಾಚುಟಿಯ ತಿಂಗಳುಗಳನ್ನು ಎಣಿಸುತ್ತ ಕೂರಬಾರದು. ಅಂಥ ಕಡೆಯಿಂದ ಹೊರಬಂದವರನ್ನು ‘ಕೆಲಸ ಬಿಟ್ಟುಬಂದ’ ಎಂದು ಮನೆಯವರು ಹಂಗಿಸಲೂ ಬಾರದು.

ಇನ್ನು ಗೇಟಿನಲ್ಲಿ ಫಲಕ ತೂಗುಹಾಕಿದವರಿಗೆ ಒಂದು ಮಾತು. ಹೊಸ ಹುಡುಗನಿಗೆ ಯಂತ್ರ ಕಲಿಸಲು ತಿಂಗಳುಗಳು ಬೇಕು. ಅಷ್ಟರಲ್ಲಿ ಹಾಳಾಗುವ ಸಾಮಾನಿನ ಬೆಲೆ ನಿಮಗೇ ಗೊತ್ತು. ಆ ವೆಚ್ಚದಲ್ಲಿ ಒಂದು ಪಾಲನ್ನು ಹಳಬರ ಸಂಬಳಕ್ಕೂ ಮಕ್ಕಳ ಶಿಶುವಿಹಾರಕ್ಕೂ ಹಾಕಿ, ಸೂಪರ್‌ವೈಸರಿಗೆ ಮಾತಿನ ಸಭ್ಯತೆ ಕಲಿಸಿದರೆ ಆ ಫಲಕವನ್ನು ವರ್ಷದಲ್ಲಿ ಕೆಲವು ತಿಂಗಳಾದರೂ ಇಳಿಸಬಹುದು.