ತೋಟದಲ್ಲಿ ಒಂದು ಗಳಿಗೆ ಒಬ್ಬರೇ



ಮಳೆ ಕೊಂಚ ಹೊಳವಾದ ಮುಂಜಾನೆ ಅಡಿಕೆ ತೋಟದಲ್ಲಿ ಸುಮ್ಮನೆ ನಿಂತರೆ ಎಷ್ಟೊಂದು ಸದ್ದುಗಳು ಕಿವಿಗೆ ಬೀಳುತ್ತವೆ! ಸೋಗೆಯಿಂದ ತೊಟ್ಟಿಕ್ಕುವ ನೀರು, ಬಸಿಗಾಲುವೆಯ ಹರಿವು, ಸೊಪ್ಪಿನ ಬೆಟ್ಟದ ಕಡೆಯಿಂದ ಮಂಗಟ್ಟೆಯ ರೆಕ್ಕೆಯ ಬೀಸು. ನಡುನಡುವೆ ‘ಟಪ್’ ಎಂದು ಎಳೆಗಾಯಿ ನೆಲಕ್ಕೆ ಬೀಳುವ ಸದ್ದು. ಬೆಳೆಗಾರನ ಎದೆ ಝಲ್ಲೆನ್ನುವುದು ಈ ಕೊನೆಯ ಸದ್ದಿಗೇ.

ಕಳೆದ ಮಳೆಗಾಲದಲ್ಲಿ ಅದು ನಮಗೆ ಕೇಳಿಸಲಿಲ್ಲ. ದಿನವೂ ತೋಟಕ್ಕೆ ಹೋಗುತ್ತಿದ್ದೆವು, ನಿಜ. ಆದರೆ ಕಿವಿಯಲ್ಲಿ ಮೊಬೈಲು. ಕುಮಟಾ ಪೇಟೆಯಲ್ಲಿ ಚಾಲಿಗೆ ಎಷ್ಟಾಯಿತು, ಕೋಕಕ್ಕೆ ಎಷ್ಟು ಎಂದು ನೆಂಟರೊಡನೆ ಮಾತಾಡುತ್ತಲೇ ತೋಟ ಸುತ್ತಿ ಬರುತ್ತಿದ್ದೆವು. ಐದಾರು ದಿನಗಳ ಮೇಲೆ ಸೊಪ್ಪು ಹೊರಲು ಬಂದ ಆಳು, “ಬುಡದಲ್ಲೆಲ್ಲ ಕಾಯಿ ಬಿದ್ದದೆಯಲ್ರಾ, ನೀವು ನೋಡ್ಲಿಲ್ವಾ?” ಎಂದಾಗಲೇ ತಲೆ ಬಗ್ಗಿಸಿ ನೋಡಿದ್ದು. ತೊಟ್ಟಿನ ಬಳಿ ನೀರು ಹಿಡಿದಂತೆ ಕಡುಹಸಿರು ಕಲೆ, ಕೆಲವು ಕಾಯಿಗಳ ಮೇಲೆ ಬಿಳಿ ಬೂಷ್ಟು. ಕೊಳೆ ತೋಟ ಹೊಕ್ಕಾಗಿತ್ತು. ಆ ವರ್ಷದ ಫಸಲಿನ ಲೆಕ್ಕ ಇಲ್ಲಿ ಬೇಡ.

ಕೊಳೆರೋಗ ಹೊಸದಲ್ಲ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಇದರ ಶಿಲೀಂಧ್ರದ ಬಗ್ಗೆ ಬರೆದು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮದ್ದು ಇಂದಿಗೂ ಅದೇ. ಅದಕ್ಕೂ ಹಿಂದಿನವರು ಕರಡದ ಕೊಟ್ಟೆ ಕಟ್ಟಿ ಕೊನೆ ಕಾಯುತ್ತಿದ್ದರು. ಆದರೆ ಮದ್ದು ಹೊಡೆದ ಮೇಲೂ ಎಡೆಬಿಡದ ಮಳೆಯಲ್ಲಿ ರೋಗ ತಲೆಯೆತ್ತುವುದುಂಟು. ಮೊದಲ ಕಾಯಿ ಬಿದ್ದಾಗಲೇ ಕೊಳೆತ ಕೊನೆ ತೆಗೆದು, ಬಿದ್ದದ್ದನ್ನು ಹೆಕ್ಕಿ ಹೊರಹಾಕಿದರೆ ಹರಡುವುದು ಕಡಿಮೆಯಾಗುತ್ತದೆ. ಆ ಮೊದಲ ಕಾಯಿಯ ಸುದ್ದಿ ಯಾವ ಮೊಬೈಲಿನಲ್ಲೂ ಬರುವುದಿಲ್ಲ.

ಮೊಬೈಲಿನ ಮೇಲೆ ನಮಗೆ ಹಗೆಯಿಲ್ಲ. ಧಾರಣೆ ತಿಳಿಯಲು ಹಿಂದೆ ಪೇಟೆಗೇ ಹೋಗಬೇಕಿತ್ತು. ಈಗ ಜಗುಲಿಯಲ್ಲೇ ತಿಳಿಯುತ್ತದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ಘಟ್ಟದ ಬುಡದಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರುಗಳವರು ಅದನ್ನೊಂದು ಕೊರತೆಯೆಂದಷ್ಟೇ ಎಣಿಸುವುದು ನಮಗೆ ಸೋಜಿಗ. ಅತ್ತ ಬೆಂಗಳೂರಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಗೋಕರ್ಣದ ಕಡಲ ದಂಡೆಗೆ ಬರುವುದು ಯಾತಕ್ಕೆ? ಎರಡು ದಿನ ಸುಮ್ಮನಿರುವುದಕ್ಕಂತೆ!

ಸುಮ್ಮನಿರುವುದರಿಂದ ಕಾಯಿ ಉಳಿಯುವುದಷ್ಟೇ ಅಲ್ಲ. ಸಾಲದ ಕಂತು, ದಾಯಾದಿಗಳ ಗಡಿತಂಟೆ, ಊರು ಬಿಡುತ್ತೇನೆನ್ನುವ ಮಗ, ಇಂಥವು ಹತ್ತು ಜನರ ನಡುವೆ ಮಾತಾಡಿದಷ್ಟೂ ಗಂಟಾಗುತ್ತವೆ. ಅಡಿಕೆ ಮರದ ಸಂಕದ ಮೇಲೆ ಕಾಲು ಇಳಿಬಿಟ್ಟು ಅರ್ಧ ತಾಸು ಒಬ್ಬರೇ ಕೂತು ಬಂದ ದಿನ ನಾವು ಮನೆಯಲ್ಲಿ ಆಡುವ ಮಾತೇ ಬೇರೆಯಾಗಿರುತ್ತದೆ. ಇದು ನಮ್ಮ ಮನೆಯವರು ಹೇಳಿದ್ದು, ನಾವಲ್ಲ. ಅವರಿಗೆ ಆ ಅರ್ಧ ತಾಸೂ ಸಿಗುವುದಿಲ್ಲವೆಂಬುದು ಅಂದೇ ನಮಗೆ ಹೊಳೆದದ್ದು. ಈಗ ಸಂಜೆ ಹಟ್ಟಿಯ ಕೆಲಸ ನಮ್ಮದು, ಆ ಹೊತ್ತು ಅವರದು.

ಒಂದು ಎಚ್ಚರಿಕೆ. ಮಳೆಗಾಲದ ತೋಟದಲ್ಲಿ ಪಾಚಿಯಿದೆ, ಹಾವಿದೆ. ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಹೋಗಬೇಕು. ವಯಸ್ಸಾದವರು ಮೊಬೈಲನ್ನು ಬಂದ್ ಮಾಡಿ ಜೇಬಿನಲ್ಲಿಟ್ಟುಕೊಂಡರೂ ಆದೀತು.

ನಮ್ಮದು ಈ ವರ್ಷ ಜಗುಲಿಯ ಮೊಳೆಗೆ ಚೀಲದಲ್ಲಿ ನೇತಾಡುತ್ತಿದೆ. ಕಳೆದ ವಾರ ಕೆಳಗಿನ ಬಸಿಗಾಲುವೆಯ ಬಳಿ ‘ಟಪ್’ ಎಂದಿತು. ಹೋಗಿ ನೋಡಿದರೆ ಎರಡೇ ಮರ. ಅಂದೇ ಕೊನೆಗೌಡನನ್ನು ಕರೆಸಿ ಕೊಳೆತ ಕೊನೆಗಳನ್ನು ಇಳಿಸಿದೆವು. ಅವನನ್ನು ಕರೆಯುವುದಕ್ಕೆ ಮಾತ್ರ ಮೊಬೈಲೇ ಬೇಕಾಯಿತು.