ಸಾಯಲೊಲ್ಲದ ಜೀವಕೋಶ

ನಮ್ಮ ದೇಹದಲ್ಲಿ ದಿನವೂ ಸಾವಿರಾರು ಕೋಟಿ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಕೋಶ ಮುದುಡಿಕೊಳ್ಳುತ್ತದೆ, ತನ್ನ ಡಿಎನ್‌ಎಯನ್ನು ತಾನೇ ತುಂಡರಿಸಿಕೊಳ್ಳುತ್ತದೆ, ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ನೆರೆಯ ಕೋಶಗಳು ಅವನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಇದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಬಂದಿದ್ದು 1972ರಲ್ಲಿ.

ಕ್ಯಾನ್ಸರ್ ಎಂದರೆ ಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚುವುದು ಎಂದೇ ಬಹುಕಾಲ ತಿಳಿಯಲಾಗಿತ್ತು. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ 14 ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಸಿಎಲ್-2 ಎಂಬ ಜೀನ್ ಅತಿಯಾಗಿ ಚುರುಕಾಗಿರುವುದು ಪತ್ತೆಯಾದಾಗಲೂ, ಅದು ವಿಭಜನೆಗೆ ಕುಮ್ಮಕ್ಕು ಕೊಡುತ್ತಿರಬೇಕೆಂಬುದೇ ಊಹೆ. 1988ರಲ್ಲಿ ಮೆಲ್ಬರ್ನಿನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯ ಡೇವಿಡ್ ವಾಕ್ಸ್, ಸುಝಾನ್ ಕೋರಿ, ಜೆರ್ರಿ ಆಡಮ್ಸ್ ಆ ಜೀನನ್ನು ರಕ್ತಕೋಶಗಳಿಗೆ ಸೇರಿಸಿ, ಅವು ಬದುಕಲು ಬೇಕಾದ ಇಂಟರ್‌ಲ್ಯೂಕಿನ್-3 ಕೊಡುವುದನ್ನು ನಿಲ್ಲಿಸಿಬಿಟ್ಟರು. ಕೋಶಗಳು ಸಾಯಲಿಲ್ಲ. ಹಾಗೆಂದು ಹೆಚ್ಚಲೂ ಇಲ್ಲ. ಸುಮ್ಮನೆ ಬದುಕಿಕೊಂಡಿದ್ದವು! ಇಡೀ ಕಥೆಯಲ್ಲಿ ನನಗೆ ತೀರಾ ಸೊಗಸೆನಿಸುವ ಪ್ರಯೋಗವಿದು.

ಒಳಗೆ ನಡೆಯುವುದಿಷ್ಟು. ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನುಗಳು ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಕೊರೆದರೆ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಸೋರುತ್ತದೆ. ಅದರಿಂದ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ತೂತು ಬೀಳದಂತೆ ತಡೆಯುವುದು ಬಿಸಿಎಲ್-2. ಅದರ ಮೈಮೇಲಿನ ತೋಡಿನಲ್ಲಿ ಸಾವಿನ ಸಂದೇಶ ತರುವ ಪ್ರೋಟೀನುಗಳು ಸಿಕ್ಕಿಬೀಳುತ್ತವೆ. ಆ ತೋಡನ್ನೇ ತುಂಬಿಬಿಡುವ ಅಣುವನ್ನು ತಯಾರಿಸಲು ಅಮೆರಿಕದ ಅಬಾಟ್ ಕಂಪನಿ ಹೊರಟಿತು. ಅದರ ನಾವಿಟೊಕ್ಲಾಕ್ಸ್ ಕ್ಯಾನ್ಸರ್ ಕೋಶಗಳನ್ನೇನೋ ಕೊಂದಿತು, ಜೊತೆಗೆ ರೋಗಿಗಳ ಪ್ಲೇಟ್‌ಲೆಟ್ಟುಗಳೂ ಕುಸಿದವು. ಅವುಗಳ ಜೀವ ಹಿಡಿದಿಡುವ ಬಿಸಿಎಲ್-ಎಕ್ಸ್ಎಲ್ ಎಂಬ ಸೋದರ ಪ್ರೋಟೀನಿಗೂ ಆ ಔಷಧ ಅಂಟಿಕೊಳ್ಳುತ್ತಿತ್ತು. ಅಣುವನ್ನು ತಿದ್ದಿ, ಬಿಸಿಎಲ್-2ಕ್ಕೆ ಮಾತ್ರ ಒಗ್ಗುವಂತೆ ಮಾಡಿದ್ದು ವೆನೆಟೊಕ್ಲಾಕ್ಸ್. ಒಂದು ಬಗೆಯ ದೀರ್ಘಕಾಲಿಕ ರಕ್ತ ಕ್ಯಾನ್ಸರಿಗೆ 2016ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ವಿಚಿತ್ರವೆಂದರೆ, ಔಷಧ ಅತಿ ಚೆನ್ನಾಗಿ ಕೆಲಸ ಮಾಡಿದ್ದೇ ತೊಂದರೆಯಾಯಿತು. ಕೋಶಗಳು ಒಮ್ಮೆಗೇ ಸತ್ತು, ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ನುಗ್ಗಿ, ಯೂರಿಕ್ ಆಮ್ಲವೂ ಏರಿ, ಮೂತ್ರಪಿಂಡ, ಹೃದಯಗಳು ತತ್ತರಿಸಿದವು. ಆರಂಭದ ಪ್ರಯೋಗಗಳಲ್ಲಿ ಸಾವೂ ಸಂಭವಿಸಿತು. ಹಾಗಾಗಿ ಈ ಕಾಯಿಲೆಯಲ್ಲಿ ಈಗ 20 ಮಿಲಿಗ್ರಾಮಿನಿಂದ ಶುರುಮಾಡಿ, ವಾರವಾರವೂ ಏರಿಸುತ್ತ, ಐದನೇ ವಾರಕ್ಕೆ 400 ತಲುಪುತ್ತಾರೆ. ಎಲ್ಲ ಕ್ಯಾನ್ಸರಿಗೂ ಇದು ಮದ್ದಲ್ಲ. ಎಂಸಿಎಲ್-1 ಎಂಬ ಇನ್ನೊಂದು ರಕ್ಷಕ ಪ್ರೋಟೀನನ್ನು ನೆಚ್ಚಿ ತಪ್ಪಿಸಿಕೊಳ್ಳುವ ಕೋಶಗಳೂ ಇವೆ.

ಈ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ಒಂದು ಮಾತು: ಕೆಲವು ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮಾತ್ರೆಗಳು ರಕ್ತದಲ್ಲಿ ಇದರ ಪ್ರಮಾಣವನ್ನು ಏರಿಸುತ್ತವೆ. ಕ್ಯಾನ್ಸರ್ ವೈದ್ಯರನ್ನು ಕೇಳದೆ ಬೇರೆ ಔಷಧ ಬೇಡ. ಹಿತ್ತಿಲ ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್ ಕೂಡ ಬೇಡ.